ಐವತ್ತು ಮಿಲಿಸೆಕೆಂಡಿನ ಕೈ

ಗೇಮ್ ಆಡಿಸಲು ಕನ್ಸೋಲ್ ತೆಗೆದುಕೊಳ್ಳಬೇಕೋ ಪಿಸಿ ತೆಗೆದುಕೊಳ್ಳಬೇಕೋ ಎಂದು ಕೇಳಿದ ರೋಗಿಗಳ ಮನೆಯವರಿಗೆಲ್ಲ ನಾನು ಆರು ವರ್ಷ ಒಂದೇ ಉತ್ತರ ಕೊಟ್ಟೆ. ಕನ್ಸೋಲ್. ಇದನ್ನು ಹೇಳುವುದಕ್ಕೆ ನನಗೆ ಯೋಚನೆಯೇ ಬೇಕಾಗುತ್ತಿರಲಿಲ್ಲ. ಹುಬ್ಬಳ್ಳಿಯ ನಮ್ಮ ಪುನಶ್ಚೇತನ ಕೇಂದ್ರಕ್ಕೆ ಪಾರ್ಶ್ವವಾಯು ಹೊಡೆದವರನ್ನು ಕರೆತರುವ ಗಂಡಂದಿರು, ಹೆಂಡತಿಯರು, ಮಕ್ಕಳು ನನ್ನ ಮೇಜಿನ ಮುಂದೆ ಕೂತು, ಹಸಿರು ಫಾರಂ ಮೇಲೆ ಪೆನ್ನು ಹಿಡಿದು ಕಣ್ಣು ಕಣ್ಣು ಬಿಡುತ್ತಿದ್ದರು. ಕಾಲೇಜು ಹುಡುಗರು ಅಂಗಡಿಯಲ್ಲಿ ನಿಂತು ವಾದ ಮಾಡುವ ಪ್ರಶ್ನೆಯೊಂದು ತಮ್ಮ ಮನೆಯ ಹಿರಿಯರ ಕೈಯ ಭವಿಷ್ಯವಾಗಿ ಎದುರಿಗೆ ಬಂದು ನಿಂತಿದೆ ಎಂದು ಅವರಿಗೆ ನಂಬುವುದಕ್ಕೇ ಆಗುತ್ತಿರಲಿಲ್ಲ.

ಗೇಮಿನ ಹೆಸರು ‘ಕೋಟೆಯಾಚೆ’. ಅದನ್ನು ಮಾಡಿದವರು ಚಿಕಿತ್ಸೆಗೆಂದು ಮಾಡಿದ್ದಲ್ಲ, ಆಡಲಿಕ್ಕೆಂದೇ ಮಾಡಿದ್ದು. ಒಂದು ಹಳೆಯ ಕೋಟೆಯ ಊರು, ಅದರ ಸುತ್ತ ಹೊಳೆ, ಕಾಡು, ಗುಡ್ಡ, ದಾರಿಗಳ್ಳರು. ಕುದುರೆ ಹತ್ತಬಹುದು, ಗೋಡೆ ಏರಬಹುದು, ಕತ್ತಿ ಬೀಸಬಹುದು, ಏನೂ ಮಾಡದೆ ಹೊಳೆಯ ದಂಡೆಯಲ್ಲಿ ಅಡ್ಡಾಡಬಹುದು. ಎಲ್ಲಿಗೆ ಹೋಗು ಎಂದು ಯಾರೂ ದೂಡುವುದಿಲ್ಲ. ರಬ್ಬರ್ ಚೆಂಡನ್ನು ನೂರು ಸಲ ಹಿಚುಕಿರಿ ಎಂದರೆ ಇಪ್ಪತ್ತಕ್ಕೇ ಮುಖ ತಿರುಗಿಸುವ ರೋಗಿಗಳು ಈ ಊರೊಳಗೆ ಹೊಕ್ಕರೆ ದಿನಕ್ಕೆ ಐದು ಸಾವಿರ ಸಲ ಕೈ ಆಡಿಸುತ್ತಿದ್ದರು, ಅದೂ ತಮಗೆ ಗೊತ್ತಿಲ್ಲದೆ.

ರೋಗಿಯ ಮೊಣಕೈ ಕೆಳಗೆ ಒಂದು ಪಟ್ಟಿ ಕಟ್ಟುತ್ತೇವೆ. ಮೆದುಳಿನಿಂದ ಬರುವ ಆಜ್ಞೆ ಎಷ್ಟೇ ಬಡಕಲಾಗಿದ್ದರೂ ಪಟ್ಟಿ ಅದನ್ನು ಹಿಡಿಯುತ್ತದೆ. ಪರದೆಯ ಮೇಲಿನ ಕೈ ಆಡುತ್ತದೆ. ಆ ಕೈ ಏನು ಮುಟ್ಟಿತೋ ಅದರ ಸ್ಪರ್ಶವನ್ನು ಪಟ್ಟಿ ಚರ್ಮಕ್ಕೆ ತಿರುಗಿ ಕೊಡುತ್ತದೆ. ‘ನಾನು ಹೇಳಿದೆ, ಕೈ ಕೇಳಿತು’ ಎಂದು ಮೆದುಳಿಗೆ ಅನ್ನಿಸುತ್ತದೆ. ಹಾಗೆ ಅನ್ನಿಸಿದಷ್ಟೂ ನಿಜವಾದ ಕೈಗೆ ಹೋಗುವ ದಾರಿ ಮತ್ತೆ ತೆರೆದುಕೊಳ್ಳುತ್ತದೆ. ಜೊತೆಗೆ ಒಂದು ಚುಚ್ಚುಮದ್ದು ಇದೆ. ಅದು ಮೆದುಳನ್ನು ನಲವತ್ತು ದಿನ ನಾದಿದ ಹಿಟ್ಟಿನ ಹಾಗೆ ಮೆತ್ತಗೆ ಇಡುತ್ತದೆ. ಆಮೇಲೆ ಅದು ಗಟ್ಟಿಯಾಗುತ್ತದೆ. ಒಬ್ಬರಿಗೆ ಒಂದೇ ಸಲ ಕೊಡುವ ಮದ್ದು ಅದು, ಎರಡನೆಯ ಸಲ ಕೊಟ್ಟರೆ ಜೀವಕ್ಕೇ ಅಪಾಯ.

ನನ್ನ ಕೆಲಸ ತಡ ಅಳೆಯುವುದು. ಆಜ್ಞೆ ಹೊರಟಿದ್ದಕ್ಕೂ ಪರದೆಯ ಕೈ ಆಡಿದ್ದಕ್ಕೂ ನಡುವೆ ಒಂದು ಸಣ್ಣ ಅಂತರ ಇರುತ್ತದೆ, ಅದೇ ತಡ. ಕನ್ಸೋಲಿನಲ್ಲಿ ಅದು ಐವತ್ತು ಮಿಲಿಸೆಕೆಂಡು. ಕುದುರೆ ಓಡುತ್ತಿರಲಿ, ನಿಂತಿರಲಿ, ಐವತ್ತೇ. ಎಲ್ಲ ಕನ್ಸೋಲುಗಳೂ ಒಂದೇ ಅಚ್ಚಿನವು, ಬೀಗ ಹಾಕಿ ಬರುತ್ತವೆ, ಕಂಪನಿಯವರ ಹೊರತು ಬೇರೆ ಯಾರೂ ಒಳಗೆ ಕೈ ಇಡುವಂತಿಲ್ಲ. ಪಿಸಿ ಹಾಗಲ್ಲ. ಅದು ಯಾರ್ಯಾರದೋ ಬಿಡಿಭಾಗ ಜೋಡಿಸಿದ್ದು. ತಡ ಒಮ್ಮೆ ಇಪ್ಪತ್ತು, ಒಮ್ಮೆ ತೊಂಬತ್ತು. ಕಾಡಿನಲ್ಲಿ ಮರ ಹೆಚ್ಚಾದರೆ ಇನ್ನೂ ಜಾಸ್ತಿ. ಒಂದೇ ತಾಳ ಸಿಕ್ಕಿದ ಮೆದುಳು ಬೇಗ ಕಲಿಯುತ್ತದೆ. ತಾಳ ತಪ್ಪುತ್ತಲೇ ಇದ್ದರೆ ತಡವರಿಸುತ್ತದೆ. ಕನ್ಸೋಲಿನವರ ಕೈ ನಲವತ್ತು ದಿನದಲ್ಲಿ ನೂರಕ್ಕೆ ಎಂಬತ್ತು, ಎಂಬತ್ತೈದು ಬರುತ್ತಿತ್ತು. ಪಿಸಿಯವರದು ಐವತ್ತರ ಆಚೀಚೆ. ಹೀಗಿರುವಾಗ ನಾನು ಬೇರೆ ಏನು ಹೇಳಬೇಕಿತ್ತು?

ಕನ್ಸೋಲಿಗೆ ಒಂದು ಕಟ್ಟುಪಾಡು ಮಾತ್ರ ಇತ್ತು. ಗೇಮಿನ ಹೊತ್ತು ಬಿಟ್ಟರೆ ಉಳಿದ ಹೊತ್ತೆಲ್ಲ ಆ ಕೈಯನ್ನು ಜೋಲಿಯಲ್ಲಿ ಕಟ್ಟಿಡಬೇಕು. ಮೆದುಳು ಒಂದೇ ತಡವನ್ನು ಕಲಿಯಬೇಕು, ಹೊರಗಿನ ಗದ್ದಲ ಅದರ ಕಿವಿಗೆ ಬೀಳಬಾರದು. ಪಿಸಿಯವರಿಗೆ ಈ ಕಟ್ಟುಪಾಡು ಇರಲಿಲ್ಲ, ಅಲ್ಲಿ ಹೇಗೂ ಗದ್ದಲವೇ.

ಫೆಬ್ರುವರಿಯಲ್ಲಿ ನನ್ನ ಅವ್ವ ಹಂಚಿನ ಮುಂದೆ ಕೂತವಳು ಹಾಗೇ ಬಲಕ್ಕೆ ವಾಲಿದಳು.

ಅವ್ವನ ಹೆಸರು ಕಾಶವ್ವ. ಹಳೇ ಹುಬ್ಬಳ್ಳಿಯಲ್ಲಿ ಅವಳದೊಂದು ಖಾನಾವಳಿ, ಮೂವತ್ತೊಂದು ವರ್ಷದ್ದು. ನಮ್ಮ ಮನೆ ಅದರ ಹಿಂದಿನ ಎರಡು ಕೋಣೆ. ಪಲ್ಯ, ಬೇಳೆ, ಚಟ್ನಿ ಯಾರು ಬೇಕಾದರೂ ಮಾಡಲಿ, ರೊಟ್ಟಿಯನ್ನು ಮಾತ್ರ ಅವಳೇ ಬಡಿಯಬೇಕು. ಬಲ ಅಂಗೈ ಬಡಿಯುತ್ತ ಬಡಿಯುತ್ತ ರೊಟ್ಟಿಯನ್ನು ತಿರುಗಿಸುತ್ತಿತ್ತು, ಎಡಗೈ ಅಂಚು ಕಾಯುತ್ತಿತ್ತು, ಅವಳು ಮಾತ್ರ ಯಾರ ಜೊತೆಗೋ ಹರಟುತ್ತಿದ್ದಳು. ಪಾರ್ಶ್ವವಾಯು ಮಾತನ್ನು ಬಿಟ್ಟು ಬಲಗೈಯನ್ನು ತೆಗೆದುಕೊಂಡಿತು. ನಾನು ನನ್ನದೇ ಮೇಜಿನ ಆಚೆ ಬದಿಯ ಕುರ್ಚಿಯಲ್ಲಿ ಕೂತು, ರೋಗಿಯ ಮನೆಯವಳಾಗಿ ಹಸಿರು ಫಾರಂ ತುಂಬಿದೆ. ಆರು ವರ್ಷದಲ್ಲಿ ಮೊದಲ ಸಲ ಎರಡೂ ಆಯ್ಕೆಗಳನ್ನು ಪೂರ್ತಿ ಓದಿದೆ. ಆದರೂ ಕನ್ಸೋಲಿಗೇ ಗುರುತು ಹಾಕಿದೆ.

ಮೊದಲ ದಿನ ಅವ್ವನನ್ನು ‘ಕೋಟೆಯಾಚೆ’ಯ ಬಾಗಿಲಲ್ಲಿ ಇಳಿಸಿದಾಗ ಅವಳು ಸೆರಗು ಸರಿಮಾಡಿಕೊಂಡಳು, ನಿಜವಾಗಿ ಪರವೂರಿಗೆ ಬಂದವಳ ಹಾಗೆ.

“ಅವ್ವಾ, ಕಳ್ಳರು ಬರಾಕತ್ತಾರ ನೋಡು. ಕತ್ತಿ ಎತ್ತು,” ಅಂದೆ.

“ಅವರ ಪಾಡಿಗೆ ಅವರು ಹೋಗ್ಲಿ ಬಿಡು. ನನಗೇನು ಮಾಡ್ಯಾರ?”

ಕಳ್ಳರು ಅವಳನ್ನು ಹೊಡೆದು ಕೆಡವಿದರು. ಎದ್ದು ನಿಂತ ಮೇಲೂ ಅವಳು ಕತ್ತಿಯ ಕಡೆ ನೋಡಲಿಲ್ಲ. ಊರೊಳಗಿನ ಒಂದೊಂದೇ ಮನೆ ಹೊಕ್ಕು ಬಂದಳು. ಪರದೆಯ ಮೇಲಿನ ಆ ಕಂದು ಕೈ ಬಾಗಿಲು ದೂಡುವುದಕ್ಕೂ ಒದ್ದಾಡುತ್ತಿತ್ತು, ಅವಳು ಬಿಡಲಿಲ್ಲ.

“ಒಲಿ ಐತಿ. ಹಂಚಿಲ್ಲ, ಹಿಟ್ಟಿಲ್ಲ. ಇವರೆಲ್ಲ ಏನು ತಿಂತಾರ ನಂದಾ?”

“ಇದು ಆಟ ಅವ್ವಾ.”

“ಆಟ ಆದ್ರ ಊಟ ಬ್ಯಾಡೇನು?”

ಗಾಜಿನ ಆಚೆಗೆ ಪಿಸಿಯವರ ಕೋಣೆ. ಪಿಸಿಯ ಊರು ಬೀಗವಿಲ್ಲದ ಊರು. ಮನೆಯಲ್ಲಿ ಕೂತು ಯಾರು ಏನು ಬೇಕಾದರೂ ಮಾಡಿ ಅದರೊಳಗೆ ಸೇರಿಸಬಹುದು. ಬಾಗಲಕೋಟೆಯ ಯಾವಳೋ ಪುಣ್ಯಾತ್ಗಿತ್ತಿ ಹಂಚು, ಜೋಳದ ಹಿಟ್ಟು, ನೀರು ಸವರುವ ಅರಿವೆ ಎಲ್ಲ ಮಾಡಿ ಹಾಕಿದ್ದಳು. ಅಲ್ಲೊಬ್ಬ ರೋಗಿ ಅದರ ಮುಂದೆ ಕೂತಿದ್ದು ಅವ್ವನ ಕಣ್ಣಿಗೆ ಬಿತ್ತು.

“ಅಲ್ಲಿ ಬಡ್ಯಾಕತ್ತಾರಲ್ಲ! ನನಗೂ ಅದನ್ನ ಕೊಡು.”

“ಅದು ಪಿಸಿ. ಅದ್ರಾಗ ಕೈ ಲಗೂನ ಬರೂದಿಲ್ಲವ್ವಾ. ಬಂದ್ರೂ ಅರ್ಧ ಬರ್ತೈತಿ.”

“ಇದ್ರಾಗ ಹಂಚು ಹಾಕಾಕ ಬರೂದಿಲ್ಲೇನು?”

“ಬರೂದಿಲ್ಲ. ಇದಕ್ಕ ಬೀಗ ಹಾಕ್ಯಾರ.”

ಅವ್ವ ಪರದೆಯ ಕಡೆ ತಿರುಗಿದಳು. ಮುಂದಿನ ಕಳ್ಳನಿಗೆ ಕತ್ತಿ ಬಿಟ್ಟು ಅಂಗೈಯಿಂದಲೇ ಕೆನ್ನೆಗೆ ಬಾರಿಸಿದಳು. ಕೋಣೆಯಲ್ಲಿ ಇದ್ದವರೆಲ್ಲ ನಕ್ಕೆವು.

ಆಮೇಲೆ ನನ್ನ ನಗು ಒಣಗುತ್ತ ಬಂತು. ಹದಿಮೂರನೆಯ ದಿನಕ್ಕೆ ಕನ್ಸೋಲಿನವರ ಅಂಕೆ ನಲವತ್ತು ದಾಟಬೇಕು. ಅವ್ವನದು ಇಪ್ಪತ್ತೇಳು. ಅದೂ ನೆಟ್ಟಗೆ ಏರಿದ್ದಲ್ಲ. ಇವತ್ತು ನಾಲ್ಕು ಏರಿದರೆ ನಾಳೆ ಮೂರು ಇಳಿಯುತ್ತಿತ್ತು, ಗ್ರಾಫು ಗರಗಸದ ಹಲ್ಲಿನ ಹಾಗಿತ್ತು. ನಾನು ಪಟ್ಟಿ ಬದಲಿಸಿದೆ. ತಂತಿ ಬದಲಿಸಿದೆ. ಕನ್ಸೋಲನ್ನೇ ಬದಲಿಸಿದೆ. ಗಂಟೆಗೊಮ್ಮೆ ಗ್ರಾಫು ತೆರೆದು ನೋಡುತ್ತಿದ್ದೆ. ನೋಡಿದರೆ ಏರುತ್ತದೇನೋ ಎಂಬ ಹುಚ್ಚು. ನಮ್ಮ ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಹೆಬಸೂರ, ಕೆಟ್ಟವರಲ್ಲ. ನನ್ನ ಭುಜದ ಹಿಂದೆ ನಿಂತು ಗ್ರಾಫು ನೋಡಿದರು.

“ಮಹಾನಂದಾ, ತಾಯಿ ಅಂತ ಭಾಳ ನೋಡಬ್ಯಾಡ್ರಿ. ಜೋಲಿ ಸರಿಯಾಗಿ ಕಟ್ಟಾಕತ್ತೀರಿಲ್ಲ?”

“ನಾನ ಕಟ್ತೀನ್ರಿ ಸರ್, ದಿನಾ ಮುಂಜಾನೆ.”

ಖರೆ, ಕಟ್ಟುತ್ತಿದ್ದವಳು ನಾನೇ. ಬಿಚ್ಚುತ್ತಿದ್ದವರು ಯಾರೆಂದು ನಾನು ಯೋಚಿಸಿರಲಿಲ್ಲ.

ಹದಿನಾಲ್ಕನೆಯ ದಿನ ಅವ್ವನ ಸ್ಕ್ಯಾನಿಂಗ್ ಕಾಗದ ಮರೆತು ಬಂದಿದ್ದೆ. ತರಲು ಬೆಳಿಗ್ಗೆ ಹನ್ನೊಂದಕ್ಕೆ ಮನೆಗೆ ಹೋದೆ, ಅವ್ವನ ಆಟದ ಹೊತ್ತು ಮಧ್ಯಾಹ್ನದ ಮೇಲೆ. ಖಾನಾವಳಿಯ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಆ ಸದ್ದಿನಲ್ಲೇ ಏನೋ ಕುಂಟುತ್ತಿತ್ತು. ಅವ್ವ ಕೂತಿದ್ದಳು. ಜೋಲಿ ಗೂಟಕ್ಕೆ ತೂಗುಬಿದ್ದಿತ್ತು. ಸತ್ತ ಮೀನಿನ ಹಾಗೆ ಬಿದ್ದಿರಬೇಕಿದ್ದ ಬಲಗೈ ಹಿಟ್ಟಿನ ಮೇಲೆ ಏಳುತ್ತಿತ್ತು, ಬೀಳುತ್ತಿತ್ತು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದು, ಯಾವ ದೇಶದ ನಕ್ಷೆಯೋ ಎಂಬಂತಿತ್ತು. ಅವಳ ಪಕ್ಕದಲ್ಲಿ ಅಡುಗೆಯ ರೇಣವ್ವ ಹಂಚಿಗೆ ಕಾವಲು ಕೂತಿದ್ದಳು.

“ಅವ್ವಾ!”

“ಬೈಬ್ಯಾಡ. ದಿನಾ ಹತ್ತ ರೊಟ್ಟಿ ಅಷ್ಟ.”

“ಯಾವತ್ತಿಂದ?”

ರೇಣವ್ವ ತಲೆ ತಗ್ಗಿಸಿದಳು. “ಎರಡನೇ ದಿನದಿಂದ್ರಿ ಅಕ್ಕಾರ. ಕೈ ಸುಮ್ಮ ಇರೂದಿಲ್ಲ ಅಂತಾರ್ರಿ. ನಾ ಏನು ಮಾಡ್ಲಿ?”

“ನಿನ್ನ ಊರಾಗ ಹಂಚಿಲ್ಲ ಅಂದಿ,” ಅಂದಳು ಅವ್ವ, ತಪ್ಪು ನನ್ನದೇ ಎಂಬಂತೆ. “ಅದಕ್ಕ ಇಲ್ಲಿ ಬಡ್ಯಾಕತ್ತೀನಿ. ನೋಡಿಲ್ಲಿ, ರೊಟ್ಟಿ ಹಾಳಾಗೇತಿ, ಖರೆ. ಆದ್ರ ಬಡಿದಿದ್ದು ನಾನ. ಗೊತ್ತಾಗ್ತೈತಿ ನನಗ.”

ಆ ಮಾತನ್ನು ನಾನು ಕೇಳಿಸಿಕೊಳ್ಳಬೇಕಿತ್ತು. ಕೇಳಿಸಿದ್ದು ಇಪ್ಪತ್ತೇಳು ಎಂಬ ಅಂಕೆ ಒಂದೇ. ಹದಿನಾಲ್ಕು ದಿನ ನನ್ನ ನಿದ್ದೆ ತಿಂದ ಗರಗಸಕ್ಕೆ ಕಾರಣ ಸಿಕ್ಕಿತ್ತು. ನಾನು ಚೀರಾಡಿದೆ. ಇಪ್ಪತ್ತಾರು ದಿನ ಅಷ್ಟೇ ಉಳಿದಿದೆ, ಈ ಕೈ ಹೋದರೆ ಹೋಯಿತು, ನೀನೇ ಹಾಳು ಮಾಡಿಕೊಳ್ಳುತ್ತಿದ್ದೀ ಎಂದೆ. ರೇಣವ್ವನಿಗೆ ಕೆಲಸ ಬಿಡಿಸುತ್ತೇನೆ ಎಂದೂ ಅಂದೆ. ಅವ್ವ ಹಿಟ್ಟಿನ ಕೈಯನ್ನು ಎಡಗೈಯಿಂದ ಎತ್ತಿ ಮುಂದೆ ಮಾಡಿದಳು. ನಾನು ತೊಳೆದು, ಒರೆಸಿ, ಜೋಲಿ ಕಟ್ಟಿ ಎರಡು ಗಂಟು ಹಾಕಿದೆ. ಮರುದಿನದಿಂದ ಮಧ್ಯಾಹ್ನದವರೆಗೆ ರಜೆ ಹಾಕಿ ಅವಳ ಪಕ್ಕದಲ್ಲೇ ಕೂತೆ.

ಅಂಕೆ ಏರಿತು. ಮೂವತ್ತೆಂಟು. ನಲವತ್ತೊಂಬತ್ತು. ಅರವತ್ತು. ಗರಗಸ ಹೋಗಿ ಗ್ರಾಫು ಏಣಿ ಹಾಕಿಟ್ಟ ಹಾಗೆ ನೆಟ್ಟಗಾಯಿತು. ಇಪ್ಪತ್ತೈದನೆಯ ದಿನ ಎಪ್ಪತ್ತಾರು. ಅವ್ವ ಈಗ ಕುದುರೆ ಮೇಲೆ ಕೂತೇ ಕಳ್ಳರನ್ನು ಕತ್ತರಿಸುತ್ತಿದ್ದಳು, ಒಂದು ಏಟೂ ತಪ್ಪುತ್ತಿರಲಿಲ್ಲ. ಯಾವ ಮನೆಯನ್ನೂ ಹೊಕ್ಕು ನೋಡುತ್ತಿರಲಿಲ್ಲ. ಅಲ್ಲಿ ಏನು ತಿನ್ನುತ್ತಾರೆ ಎಂದು ಕೇಳುವುದನ್ನೂ ಬಿಟ್ಟಿದ್ದಳು. ನನಗೆ ಅದು ಆಗ ಒಳ್ಳೆಯದೇ ಅನ್ನಿಸಿತ್ತು. ಹೆಬಸೂರ ಸಾಹೇಬರು ಅವಳ ಗ್ರಾಫಿನ ಫೋಟೊ ತೆಗೆದುಕೊಂಡರು, ಯಾವುದೋ ಸಭೆಯಲ್ಲಿ ತೋರಿಸಲಿಕ್ಕೆ.

ಇಪ್ಪತ್ತಾರನೆಯ ದಿನ ಮೌಲಾಸಾಬ್ ಟೇಲರ್ ಬಂದರು. ಹೋದ ವರ್ಷದ ಕನ್ಸೋಲ್ ರೋಗಿ, ಎಂಬತ್ತೆಂಟು ಅಂಕೆ, ನಮ್ಮ ಗೋಡೆಯ ಮೇಲೆ ನಗುವ ಚಿತ್ರ ಅವರದೇ. ನನ್ನ ಮೇಜಿನ ಮೇಲೆ ಒಂದು ಕುಪ್ಪಸ ಹಾಸಿದರು. ಹೊಲಿಗೆ ಗೆರೆ ಎಳೆದ ಹಾಗಿತ್ತು.

“ಎಷ್ಟ ಚಂದ ಐತಲ್ರಿ!” ಅಂದೆ.

“ಚಲೋನ ಐತ್ರಿ ಮೇಡಂ. ಆದ್ರ ನಾ ಹೊಲದಿಲ್ರಿ.”

“ಮತ್ತ್ಯಾರು ಹೊಲದಾರ?”

ಅವರು ಬಲಗೈಯನ್ನು ಮೇಜಿನ ಮೇಲೆ ಇಟ್ಟರು, ಬೇರೆಯವರ ವಸ್ತು ಇಟ್ಟ ಹಾಗೆ. “ಇದು. ಕತ್ತರಿ ಹಿಡೀಬೇಕು ಅನ್ನೂದ್ರಾಗ ಇದು ಹಿಡದ ಬಿಟ್ಟಿರ್ತೈತ್ರಿ. ನಾ ಹಿಂದ ಉಳೀತೀನಿ. ಮೊದಮೊದಲ ರೂಢಿ ಆಗ್ತೈತಿ ಅಂದ್ಕೊಂಡೆ. ಮೊನ್ನೆ ಮೊಮ್ಮಗಳ ತಲಿ ಮ್ಯಾಲೆ ಕೈ ಇಟ್ಟೆ. ಯಾರೋ ಪರಕೀ ಮನಷ್ಯಾ ಕೂಸಿನ್ನ ಮುಟ್ಟಿದಂಗ ಆತ್ರಿ. ಕೈ ಕಸಗೊಂಡೆ. ಕೂಸು ಅಳಾಕತ್ತು.”

ತಡ ನನ್ನ ಕಸುಬು. ಅವರು ಹೇಳಿ ಮುಗಿಸುವ ಮೊದಲೇ ನನಗೆ ಅರ್ಥವಾಗಿತ್ತು. ಆದರೂ ಒಂದು ಪರೀಕ್ಷೆ ಮಾಡಿದೆ. ಒಂದು ಗುಂಡಿ, ಒತ್ತಿದ ಕೂಡಲೇ ಹತ್ತುವ ಒಂದು ದೀಪ. ಎಡಗೈಯಿಂದ ಒತ್ತಿಸಿ, ಯಾವುದು ಮೊದಲು ಎಂದು ಕೇಳಿದೆ. ಒತ್ತಿದ್ದು ಮೊದಲು ಅಂದರು. ಬಲಗೈಯಿಂದ ಒತ್ತಿಸಿದೆ. ದೀಪ ಮೊದಲು ಹತ್ತಿತು ಅಂದರು. ಇಪ್ಪತ್ತು ಸಲ ಮಾಡಿಸಿದೆ. ಇಪ್ಪತ್ತು ಸಲವೂ ದೀಪವೇ ಮೊದಲು.

ನಲವತ್ತು ದಿನ ನಾವು ಆ ಮೆದುಳಿಗೆ ಒಂದೇ ಪಾಠ ಕಲಿಸಿದ್ದೆವು: ನೀನು ಹೇಳಿದ ಐವತ್ತು ಮಿಲಿಸೆಕೆಂಡಿಗೆ ಆಡುವುದೇ ನಿನ್ನ ಕೈ. ಮೆದುಳು ಅದನ್ನು ಬಾಯಿಪಾಠ ಮಾಡಿ ಗಟ್ಟಿಯಾಯಿತು. ಆಮೇಲೆ ನಾವು ಪಟ್ಟಿ ಬಿಚ್ಚಿ ಮನೆಗೆ ಕಳಿಸಿದೆವು. ಮನೆಯಲ್ಲಿ ಆ ಐವತ್ತು ಇಲ್ಲ. ಹೇಳಿದ ಕೂಡಲೇ ಕೈ ಆಡುತ್ತದೆ, ಮೆದುಳಿನ ಲೆಕ್ಕದಲ್ಲಿ ಅದು ಹೇಳುವುದಕ್ಕಿಂತ ಮೊದಲು. ನಾನು ಹೇಳುವ ಮೊದಲೇ ಆಡಿದ್ದನ್ನು ನಾನು ಆಡಿಸಿದ್ದು ಎಂದು ಯಾರು ಒಪ್ಪುತ್ತಾರೆ? ಕೈ ಚುರುಕಾಗಿತ್ತು, ಬಲವಾಗಿತ್ತು, ಆದರೆ ಒಡೆಯನಿಲ್ಲದ್ದಾಗಿತ್ತು.

ಹೆಬಸೂರ ಸಾಹೇಬರ ಬಳಿ ಓಡಿದೆ. ಅವರು ಪೂರ್ತಿ ಕೇಳಿದರು.

“ಒಬ್ಬ ಮನಷ್ಯಾನ ಅನಿಸಿಕಿ ಇದು. ಹೊಲಿಗಿ ಹೆಂಗೈತಿ ಹೇಳ್ರಿ?”

“ಹೊಲಿಗಿ ಚಲೋ ಐತ್ರಿ ಸರ್.”

“ಮತ್ತ? ನಮ್ಮ ಫಾರಂದಾಗ ‘ಕೈ ನಂದು ಅನಸ್ತೈತಿಲ್ಲ’ ಅನ್ನೂ ಕಾಲಂ ಎಲ್ಲೈತಿ? ಇದ್ದಿದ್ರ ಕೇಳಬೌದಿತ್ತು. ನೋಡೂಣು, ಮುಂದಿನ ವರ್ಷ ಒಂದು ಅಧ್ಯಯನ ಮಾಡೂಣು.”

ಮುಂದಿನ ವರ್ಷ. ಅವ್ವನಿಗೆ ಉಳಿದದ್ದು ಹದಿನಾಲ್ಕು ದಿನ.

ಮೇಜಿಗೆ ಬಂದು ಅವ್ವನ ಮೊದಲ ಹದಿಮೂರು ದಿನದ ಗ್ರಾಫು ತೆಗೆದೆ, ನಾನು ಅವಮಾನದಿಂದ ಮುಚ್ಚಿಟ್ಟಿದ್ದ ಆ ಗರಗಸ. ಪಿಸಿ ರೋಗಿಗಳ ಗ್ರಾಫನ್ನು ಅದರ ಮೇಲೆ ಇಟ್ಟೆ. ಹಲ್ಲಿಗೆ ಹಲ್ಲು ಕೂತಿತು. ಕೇಂದ್ರದಲ್ಲಿ ಐವತ್ತು, ಮನೆಯ ಹಂಚಿನ ಮುಂದೆ ಸೊನ್ನೆ. ಎರಡು ತಾಳದ ನಡುವೆ ಅವಳ ಮೆದುಳು ಎರಡನ್ನೂ ನಂಬದೆ ತನ್ನ ಕೈಯನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಅಂದರೆ ನಾನು ಕೊಡದಿದ್ದ ಪಿಸಿಯನ್ನು ಅವ್ವ ಹಿಟ್ಟು ನೀರಿನಲ್ಲಿ ತಾನೇ ಮಾಡಿಕೊಂಡಿದ್ದಳು. ನಾನು ಹೋಗಿ ಎರಡು ಗಂಟು ಹಾಕಿ ಬಂದಿದ್ದೆ.

ನಾಲ್ಕು ಜನ ಪಿಸಿ ರೋಗಿಗಳಿಗೆ ಫೋನ್ ಹಚ್ಚಿದೆ. ಲೋಟ ಜಾರುತ್ತದೆ, ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತದೆ, ಸಹಿ ಸೊಟ್ಟ ಎಂದು ನಾಲ್ವರೂ ದೂರಿದರು. ನವಲಗುಂದದ ಒಬ್ಬ ಹೆಣ್ಣುಮಗಳನ್ನು ಕೇಳಿದೆ, “ಆದ್ರ ಕೈ ನಿಮ್ಮದು ಅಂತ ಅನಸ್ತೈತೇನ್ರಿ?”

ಆಕೆ ನಕ್ಕುಬಿಟ್ಟರು. “ಮತ್ತ್ಯಾರದು ಅನಸಬೇಕ್ರಿ?”

ಇಪ್ಪತ್ತೇಳನೆಯ ದಿನ ಬೆಳಿಗ್ಗೆ ಜೋಲಿ ಬಿಚ್ಚಿದೆ. ಇವತ್ತು ರೊಟ್ಟಿ ಬಡಿ ಅವ್ವಾ ಅಂದೆ. ಯಾಕೆ ಎಂದು ಹೇಳಲಿಲ್ಲ. ಅವಳ ಮುಖ ಅರಳಿದ್ದು ನೋಡಿ ನನಗೂ ಧೈರ್ಯ ಬಂತು. ಊಟಕ್ಕೆ ಬಂದವರು ಹಲಗೆಯ ಮೇಲೆ ಕೂತಿದ್ದರು, ಕಾಶವ್ವ ಬಂದಳು ಎಂದು ಒಬ್ಬರು ಕೂಗಿದರು. ಅವಳು ಎಸರಿನ ಹಿಟ್ಟು ನಾದಿ, ಉಂಡೆ ಮಾಡಿ, ಬಡಿಯತೊಡಗಿದಳು. ಕೈ ಅವಳಿಗಿಂತ ಮುಂಚೆ ಬಿತ್ತು. ರೊಟ್ಟಿ ನಡುವೆ ಹರಿಯಿತು. ಮತ್ತೊಂದು ಉಂಡೆ. ಅದೂ ಹರಿಯಿತು. ಮೂರನೆಯದನ್ನು ಹಂಚಿಗೆ ಹಾಕುವಾಗ ಕೈ ಸರಕ್ಕನೆ ಮುಂದೆ ಹೋಗಿ ಬೆರಳು ಸುಟ್ಟಿತು. ಕೂತವರು ತಟ್ಟೆ ನೋಡತೊಡಗಿದರು. ರೇಣವ್ವ ಬಂದು ಹಿಟ್ಟಿನ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು.

ಪಾರ್ಶ್ವವಾಯು ಹೊಡೆದ ದಿನವೂ ಅಳದ ಅವ್ವ ಅತ್ತಳು.

“ನಿನ್ನ ಮಷೀನ್‌ದಾಗ ಬರ್ತೈತಿ, ಇಲ್ಲಿ ಯಾಕ ಬರವಲ್ದು? ಮಂದಿ ಮುಂದ ಮಾನ ಹೋತಲ್ಲ ನಂದಾ. ಕಟ್ಟು. ಬರೂ ಮಟಾ ಕಟ್ಟಿಬಿಡು.”

ಅಂದು ಸಂಜೆ ಅಳೆದಾಗ ಅಂಕೆ ಐವತ್ತೆಂಟು. ಒಂದೇ ದಿನದಲ್ಲಿ ಹದಿನೆಂಟು ಬಿದ್ದಿತ್ತು. ಕಾರಿಡಾರಿನಲ್ಲಿ ನಿಂತೆ. ಎಡಕ್ಕೆ ಕನ್ಸೋಲಿನ ಬಾಗಿಲು, ಬಲಕ್ಕೆ ಪಿಸಿಯದು. ಪಿಸಿ ಕೋಣೆಯಲ್ಲಿ ಒಂದು ಕುರ್ಚಿ ಖಾಲಿ ಇತ್ತು, ಒಳಗೆ ಬಾಗಲಕೋಟೆಯವಳ ಹಂಚೂ ಇತ್ತು. ಬದಲಾವಣೆಯ ಚೀಟಿ ನನ್ನ ಕೈಯಲ್ಲಿತ್ತು. ಸಹಿ ಹಾಕಿದರೆ ಹದಿಮೂರು ದಿನದಲ್ಲಿ ಅವ್ವನ ಕೈ ನಲವತ್ತೈದಕ್ಕೆ ಬಂದು ನಿಲ್ಲುತ್ತಿತ್ತು, ಅಷ್ಟರಲ್ಲಿ ಅದು ಅವಳದಾಗಿ ಉಳಿಯುತ್ತಿತ್ತೇನೋ. ಉಳಿಯದೆಯೂ ಹೋಗಬಹುದಿತ್ತು. ನಲವತ್ತೈದರ ಕೈಯಿಂದ ಖಾನಾವಳಿಯ ರೊಟ್ಟಿ ಆಗುವುದಿಲ್ಲ. ಹಾಕದಿದ್ದರೆ ಎಂಬತ್ತೈದರ ಕೈ, ರೊಟ್ಟಿ ಬಡಿಯುವ ಕೈ. ಯಾರ ಕೈ ಎಂದು ಕೇಳುವ ಕಾಲಂ ಎಲ್ಲೂ ಇಲ್ಲ.

ಮೌಲಾಸಾಬರು ಒಬ್ಬರೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಅವ್ವನೇ ಕಟ್ಟು ಅಂದಳಲ್ಲ ಎಂದೂ ಹೇಳಿಕೊಂಡೆ. ನಿಜ ಏನೆಂದರೆ ನನಗೆ ಹೆದರಿಕೆಯಾಗಿತ್ತು. ಅವಳು ಇನ್ನೊಂದು ಸಲ ಮಂದಿಯ ಮುಂದೆ ಹಾಗೆ ಅಳುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ, ಬೀಳುವ ಅಂಕೆಯನ್ನು ನೋಡಲೂ ಆಗುತ್ತಿರಲಿಲ್ಲ. ಹೆದರಿದವಳು ಮಾಡುವುದನ್ನೇ ಮಾಡಿದೆ. ಚೀಟಿ ಹರಿದೆ. ಜೋಲಿ ಕಟ್ಟಿದೆ. ಟೇಲರ್ ಹೇಳಿದ್ದನ್ನು ಅವ್ವನಿಗೆ ಹೇಳಲೇ ಇಲ್ಲ. ಹೇಳಿದ್ದರೆ ಅವಳು ಯಾವ ಬಾಗಿಲು ತೋರಿಸುತ್ತಿದ್ದಳು ಎಂದು ನನಗೆ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ.

ನಲವತ್ತನೆಯ ದಿನ ಅಂಕೆ ಎಂಬತ್ತೇಳು. ಹೆಬಸೂರ ಸಾಹೇಬರು ಪೇಡೆ ಹಂಚಿದರು.

ನಾಲ್ಕು ದಿನ ಬಿಟ್ಟು, ಕೈ ಹೊರಗಿನ ಹಿಟ್ಟಿಗೆ ಒಗ್ಗಿದ ಮೇಲೆ, ಅವ್ವ ಮತ್ತೆ ಹಂಚಿನ ಮುಂದೆ ಕೂತಳು. ಬಲಗೈ ಬಡಿಯಿತು, ತಿರುಗಿಸಿತು, ಎತ್ತಿ ಹಾಕಿತು. ತೆಳ್ಳಗೆ, ದುಂಡಗೆ, ಅಂಚು ಎಲ್ಲೂ ಹರಿಯದೆ, ಹಳೆಯ ಕಾಶವ್ವನ ರೊಟ್ಟಿಗಿಂತ ಒಂದು ಗುಂಜಿ ಮೇಲೇ ಅನ್ನುವಂತೆ ಬಂತು. ರೇಣವ್ವ ಕಣ್ಣೊರೆಸಿಕೊಂಡಳು. ಕೂತವರು ಹಲಗೆ ತಟ್ಟಿದರು. ಅವ್ವ ಮಾತ್ರ ಹರಟುತ್ತಿರಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತಿದ್ದಳು, ಹೊಸದಾಗಿ ಕೆಲಸಕ್ಕೆ ಸೇರಿದವಳನ್ನು ಒಡತಿ ನೋಡುವಂತೆ. ಮೂವತ್ತು ರೊಟ್ಟಿಯಾದ ಮೇಲೆ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಕೇಳಿದಳು:

“ಚಲೋ ಅದಾವ. ಯಾರು ಬಡಿದ್ರು?”

ಎಲ್ಲರೂ ನಕ್ಕರು. ಕಾಶವ್ವನ ಚಾಷ್ಟಿ ಮತ್ತೆ ಶುರುವಾಯಿತು ಅಂದರು. ನಾನು ಎದ್ದು ಹಿತ್ತಲಿಗೆ ಹೋದೆ.

ಅವಳಿಗೆ ಹೇಳಲು ನನಗೆ ಮತ್ತೆ ಮೂರು ವಾರ ಬೇಕಾಯಿತು. ಅಷ್ಟು ದಿನ ಅವಳನ್ನು ಕದ್ದು ನೋಡುತ್ತಿದ್ದೆ. ಅವಳು ಬಲಗೈಯಿಂದ ತಲೆ ತುರಿಸಿಕೊಳ್ಳುವುದನ್ನು ಬಿಟ್ಟಿದ್ದಳು. ಮಲಗುವಾಗ ಅದನ್ನು ಎಡಗೈಯಿಂದ ಎತ್ತಿ ದಿಂಬಿನ ಆಚೆಗೆ ಇಡುತ್ತಿದ್ದಳು. ಹಣೆಗೆ ಕುಂಕುಮ ಎಡಗೈಯಲ್ಲಿ ಇಟ್ಟುಕೊಂಡಾಗ ರೇಣವ್ವ ಬೈದಳು. “ಅಕಿ ಕೈಲೆ ನಾ ಹಚಗೊಳ್ಳೂದಿಲ್ಲ,” ಅಂದಳು ಅವ್ವ. ಅಕಿ ಯಾರು ಎಂದು ರೇಣವ್ವನಿಗೆ ತಿಳಿಯಲಿಲ್ಲ.

ಒಂದು ಮಧ್ಯಾಹ್ನ, ಊಟದವರೆಲ್ಲ ಹೋದ ಮೇಲೆ, ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಒಂದನ್ನೂ ಬಿಡದೆ ಹೇಳಿದೆ. ಐವತ್ತು ಮಿಲಿಸೆಕೆಂಡು ಅಂದರೇನು ಎಂದು ಚಪ್ಪಾಳೆ ತಟ್ಟಿ ತೋರಿಸಿದೆ. ಮೌಲಾಸಾಬರ ಕುಪ್ಪಸ, ಮೊಮ್ಮಗಳ ತಲೆ, ಅವ್ವನ ಗರಗಸದ ಗ್ರಾಫು, ಎರಡು ಬಾಗಿಲು, ಹರಿದ ಚೀಟಿ. ಹರಿದ ಹತ್ತು ರೊಟ್ಟಿಗಳಲ್ಲಿ ಅವಳು ಉಳಿಸಿಕೊಳ್ಳುತ್ತಿದ್ದುದನ್ನು ನಾನು ಗೊತ್ತಿಲ್ಲದೆ ಒಂದು ಸಲ, ಗೊತ್ತಿದ್ದೂ ಇನ್ನೊಂದು ಸಲ ಕಟ್ಟಿಹಾಕಿದೆ ಎಂದೂ ಹೇಳಿದೆ.

ಅವಳು ಎದುರಿನ ಗೋಡೆ ನೋಡುತ್ತಿದ್ದಳು.

“ಹಂಗಾರ ನನಗ ಹುಚ್ಚ ಹಿಡಿದಿಲ್ಲ,” ಅಂದಳು ಕೊನೆಗೆ. “ಹಿಡೀತೇನೋ ಅಂದ್ಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.”

ಅದನ್ನು ಕೇಳಿ ನನಗೆ ತಡೆದುಕೊಳ್ಳಲು ಆಗಲಿಲ್ಲ. ಮೂವತ್ತೈದು ದಾಟಿದವಳು ಬೀದಿಯ ಕಡೆ ಮುಖ ಮಾಡಿ ಅಳುತ್ತ, ನನ್ನ ಕೈಯನ್ನು ಅವಳ ಬಲಗೈಯ ಮೇಲೆ ಇಟ್ಟೆ. ಅವಳ ಬೆರಳುಗಳು ತಿರುಗಿ ನನ್ನ ಬೆರಳನ್ನು ಹಿಡಿದವು. ಬಿಗಿಯಾಗಿ, ಬೆಚ್ಚಗೆ, ಹಿಟ್ಟಿನ ಒರಟಿನ ಸಮೇತ. ತಿಂಗಳಿಗೂ ಹೆಚ್ಚು ಕಾಲದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಹಾಗಾಯಿತು. ಬೈದಿರಲಿಲ್ಲ, ಕೈ ಕಿತ್ತುಕೊಂಡಿರಲಿಲ್ಲ, ಹಿಡಿದಿದ್ದಳು.

“ನನ್ನ ಮ್ಯಾಲೆ ಸಿಟ್ಟಿಲ್ಲೇನವ್ವಾ?”

ಅವ್ವ ಬಗ್ಗಿ ನೋಡಿದಳು. ನನ್ನ ಕೈ, ಅದನ್ನು ಹಿಡಿದಿದ್ದ ಕೈ, ಎರಡನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ ಅಂದಳು:

“ನಾ ಇನ್ನೂ ಹಿಡಿದಿಲ್ಲ, ನಂದಾ.”